ಹೆದರಿಸುವ ಕಾರ್ಡಿನಲ್ಲೊಂದು ಬೆಳಕು: ಪಮೇಲಾ ಕೋಲ್ಮನ್ ಸ್ಮಿತ್

ಗೆಳತಿಯರೇ, ಟ್ಯಾರೋ ಕಾರ್ಡು ಈಗ ನಮಗೆ ಹೊಸದೇನಲ್ಲ. ನಮ್ಮ ಅಜ್ಜಿಯರ ಕಾಲಕ್ಕೆ ಗಿಣಿಶಾಸ್ತ್ರದವನು, ಕಣಿ ಹೇಳುವ ಕೊರವಂಜಿ, ಬೆಳಗಿನ ಜಾವ ಬರುವ ಬುಡಬುಡಿಕೆಯವನು ಇದ್ದರು. ಪುಣೆಯಲ್ಲಿರುವ ನಮಗೆ ಮಾಲ್‌ನ ಮೂಲೆಯಲ್ಲಿ ಪುಟ್ಟ ಮೇಜು ಹಾಕಿಕೊಂಡು ಕೂತ ಟ್ಯಾರೋ ರೀಡರ್ ಇದ್ದಾರೆ, ಫೋನಿನಲ್ಲಿ ದಿನಕ್ಕೊಂದು ಕಾರ್ಡು ತೋರಿಸುವ ಆ್ಯಪ್ ಇದೆ. ಕೆಲಸ ಬದಲಿಸಲೇ, ಮದುವೆ ಯಾವಾಗ, ವೀಸಾ ಬರುತ್ತದೆಯೇ ಎಂಬ ಪ್ರಶ್ನೆಗಳು ಮಾತ್ರ ಅವೇ.

ಹೀಗೆ ನಮ್ಮ ಮುಂದೆ ಹರಡುವ ಕಾರ್ಡುಗಳಲ್ಲಿ ಬಹುಪಾಲು 1909ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಒಂದೇ ಕಟ್ಟಿನವು, ಇಲ್ಲವೇ ಅದರಿಂದ ಹುಟ್ಟಿದ ಮರಿಗಳು. ಆ ಕಟ್ಟಿಗೆ ರೈಡರ್-ವೇಟ್ ಎಂದು ಹೆಸರು. ರೈಡರ್ ಎಂದರೆ ಅಚ್ಚು ಹಾಕಿಸಿದ ಪ್ರಕಾಶನ ಸಂಸ್ಥೆ. ವೇಟ್ ಎಂದರೆ ಯೋಜನೆ ಹಾಕಿ ಬರೆಸಿದವರು. ಹಾಗಾದರೆ 78 ಚಿತ್ರಗಳನ್ನು ಬಿಡಿಸಿದವರು? ಮೂವತ್ತೊಂದು ವರ್ಷದ ಒಬ್ಬ ಹೆಣ್ಣುಮಗಳು, ಪಮೇಲಾ ಕೋಲ್ಮನ್ ಸ್ಮಿತ್. ಪೆಟ್ಟಿಗೆಯ ಮೇಲೆ ಅವರ ಹೆಸರು ಬರಲು ಎಷ್ಟೋ ದಶಕಗಳು ಬೇಕಾದವು.

ನಾನು ಕಾರ್ಡು ನೋಡಿ ಭವಿಷ್ಯ ಹೇಳುವವಳಲ್ಲ, ಕಾರ್ಡಿಗೆ ಭವಿಷ್ಯ ಗೊತ್ತಿರುತ್ತದೆ ಎಂದು ನಂಬುವವಳೂ ಅಲ್ಲ. ಎಂಟೆಕ್‌ನಲ್ಲಿ ಇಮೇಜ್ ಪ್ರೊಸೆಸಿಂಗ್ ಓದಿದ್ದರಿಂದ ಚಿತ್ರವನ್ನು ಮೂಲೆಮೂಲೆಯೂ ಬಿಡದೆ ನೋಡುವ ಚಟ ಉಳಿದುಬಿಟ್ಟಿದೆ. ಆ ಚಟವೇ ನನ್ನನ್ನು ಪಮೇಲಾ ಅವರ ಬಳಿಗೆ ಕರೆದೊಯ್ದಿತು. ಅದರಲ್ಲೂ ಜನ ಬೆಚ್ಚಿಬೀಳುವ ಕಾರ್ಡುಗಳನ್ನು ಅವರು ಬಿಡಿಸಿದ ರೀತಿ ನನ್ನನ್ನು ಹಿಡಿದು ನಿಲ್ಲಿಸಿತು.

ಪಮೇಲಾ ಹುಟ್ಟಿದ್ದು 1878ರ ಫೆಬ್ರವರಿ 16ರಂದು, ಲಂಡನ್ನಿನ ಪಿಮ್ಲಿಕೋದಲ್ಲಿ. ತಂದೆ ಚಾರ್ಲ್ಸ್, ತಾಯಿ ಕೊರಿನ್, ಇಬ್ಬರೂ ಅಮೆರಿಕದವರು. ಅವರಿಗೆ ಒಬ್ಬಳೇ ಮಗಳು. ಬಾಲ್ಯದ ಕೆಲವು ವರ್ಷ ಮ್ಯಾಂಚೆಸ್ಟರಿನಲ್ಲಿ ಕಳೆಯಿತು. ಆಮೇಲೆ ಜಮೈಕಾದ ರೈಲುಮಾರ್ಗ ವಿಸ್ತರಿಸುತ್ತಿದ್ದ ಕಂಪನಿಯಲ್ಲಿ ತಂದೆಗೆ ಕೆಲಸ ಸಿಕ್ಕಿ ಕುಟುಂಬ ಕಿಂಗ್‌ಸ್ಟನ್‌ಗೆ ಹೋಯಿತು. ಅಪ್ಪನ ವರ್ಗಾವಣೆಯ ಹಿಂದೆ ಊರೂರು ಅಲೆದ ನಮ್ಮಂಥವರಿಗೆ ಈ ಬಾಲ್ಯ ಅರ್ಥವಾಗುತ್ತದೆ. ಯಾವ ಊರೂ ಪೂರ್ತಿ ತನ್ನದಲ್ಲ, ಆದರೆ ಪ್ರತಿ ಊರಿನದೂ ಒಂದಿಷ್ಟು ಮೈಗೆ ಅಂಟಿರುತ್ತದೆ.

ಜಮೈಕಾದಿಂದ ಅವರಿಗೆ ಅಂಟಿದ್ದು ಕಥೆಗಳು. ಆಫ್ರಿಕಾದಿಂದ ಗುಲಾಮರಾಗಿ ಬಂದ ಜನರ ಜೊತೆ ಕಡಲು ದಾಟಿ ಬಂದ ಅನಾನ್ಸಿ ಎಂಬ ಜೇಡನ ಕಥೆಗಳು. ಆನೆ ಹುಲಿಗಳ ಎದುರು ಅಂಗೈಯಗಲದ ಜೇಡ ಉಪಾಯದಿಂದಲೇ ಪಾರಾಗುತ್ತದೆ. ನಮ್ಮ ಪಂಚತಂತ್ರದ ಮೊಲ ಸಿಂಹವನ್ನು ಬಾವಿಗೆ ಬೀಳಿಸಿದ ಹಾಗೆ. ಈ ಕಥೆಗಳನ್ನು ಪಮೇಲಾ ಚಿತ್ರಗಳ ಸಮೇತ 1899ರಲ್ಲಿ ಪುಸ್ತಕವಾಗಿ ತಂದರು. ಮುಂದೆ ಲಂಡನ್ನಿನ ಮನೆಗಳಲ್ಲಿ ಜಮೈಕಾದ ಉಡುಗೆ ತೊಟ್ಟು, ಅಲ್ಲಿನ ಆಡುಮಾತಿನಲ್ಲೇ ಈ ಕಥೆ ಹೇಳಿ ಹೆಸರಾದರು.

ಹದಿನೈದರ ವಯಸ್ಸಿಗೆ, 1893ರಲ್ಲಿ, ಅವರು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಪ್ರ್ಯಾಟ್ ಇನ್‌ಸ್ಟಿಟ್ಯೂಟ್ ಸೇರಿದರು. ಜಪಾನಿ ಚಿತ್ರಕಲೆಯನ್ನು ಆಳವಾಗಿ ಅಭ್ಯಾಸ ಮಾಡಿದ್ದ ಆರ್ಥರ್ ವೆಸ್ಲಿ ಡೋ ಅಲ್ಲಿ ಗುರುಗಳಾಗಿದ್ದರು. ಗಟ್ಟಿ ಹೊರಗೆರೆ, ಸಪಾಟಾದ ಬಣ್ಣ, ಖಾಲಿ ಜಾಗವನ್ನೂ ಮಾತಾಡಿಸುವ ಜೋಡಣೆ, ಇವೆಲ್ಲ ಮುಂದೆ ಟ್ಯಾರೋದಲ್ಲಿ ಕಾಣುವ ಗುಣಗಳೇ. 1896ರಲ್ಲಿ ತಾಯಿ ತೀರಿಕೊಂಡರು. ಮರುವರ್ಷ ಪಮೇಲಾ ಡಿಗ್ರಿ ಮುಗಿಸದೆಯೇ ಕಾಲೇಜು ಬಿಟ್ಟರು. 1899ರಲ್ಲಿ ತಂದೆಯೂ ಹೋದರು. ಇಪ್ಪತ್ತೊಂದಕ್ಕೇ ಅಪ್ಪ ಅಮ್ಮ ಇಬ್ಬರೂ ಇಲ್ಲ, ಒಡಹುಟ್ಟಿದವರಿಲ್ಲ, ಸ್ಥಿರವಾದ ಸಂಪಾದನೆಯಿಲ್ಲ.

ಆಸರೆಯಾದದ್ದು ನಾಟಕದ ಮಂದಿ. ಆ ಕಾಲದ ಮಹಾನಟಿ ಎಲೆನ್ ಟೆರ್ರಿ, ನಟ ಹೆನ್ರಿ ಇರ್ವಿಂಗ್, ಡ್ರಾಕುಲಾ ಬರೆದ ಬ್ರಾಮ್ ಸ್ಟೋಕರ್ ಮೂವರೂ ಲೈಸಿಯಂ ರಂಗಮಂದಿರದವರು. ಟೆರ್ರಿ ಇವರನ್ನು ಪ್ರೀತಿಯಿಂದ ಪಿಕ್ಸಿ ಎಂದು ಕರೆದರು, ಆ ಹೆಸರೇ ಉಳಿಯಿತು. ಪಮೇಲಾ ಆ ತಂಡದ ಜೊತೆ ಊರೂರು ಸುತ್ತಿದರು, ರಂಗಸಜ್ಜಿಕೆ ಮತ್ತು ವೇಷಭೂಷಣಗಳಲ್ಲಿ ಪಳಗಿದರು. 1903ರಲ್ಲಿ ಗ್ರೀನ್ ಶೀಫ್ ಎಂಬ ಸ್ವಂತ ಪತ್ರಿಕೆ ಹೊರಡಿಸಿದರು. ಹದಿಮೂರು ಸಂಚಿಕೆಗಳಿಗೆ ಅದು ನಿಂತಿತು. ನಂತರ ಅದೇ ಹೆಸರಿನ ಪುಟ್ಟ ಪ್ರಕಾಶನ ನಡೆಸಿ, ಹೆಚ್ಚಾಗಿ ಮಹಿಳೆಯರ ಬರಹಗಳನ್ನೇ ಅಚ್ಚು ಹಾಕಿದರು. ಹೆಂಗಸರಿಗೆ ಮತದಾನದ ಹಕ್ಕು ಕೇಳುವ ಚಳವಳಿಗೂ ಚಿತ್ರ ಬಿಡಿಸಿಕೊಟ್ಟರು. ಸಂಗೀತ ಕೇಳುತ್ತಾ ಕಣ್ಣಮುಂದೆ ಮೂಡಿದ ದೃಶ್ಯಗಳನ್ನು ಹಾಗೆಯೇ ಕಾಗದಕ್ಕಿಳಿಸುವುದು ಅವರ ಇನ್ನೊಂದು ಶಕ್ತಿಯಾಗಿತ್ತು.

1907ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟಿಗ್ಲಿಟ್ಸ್ ತಮ್ಮ ಗ್ಯಾಲರಿಯಲ್ಲಿ ಪಮೇಲಾ ಅವರ ಚಿತ್ರಗಳ ಪ್ರದರ್ಶನ ಏರ್ಪಡಿಸಿದರು. ಅಲ್ಲಿಯವರೆಗೆ ಬರೀ ಫೋಟೋಗಳಿಗೆ ಮೀಸಲಾಗಿದ್ದ ಆ ಗೋಡೆಗಳ ಮೇಲೆ ತೂಗಿದ ಮೊದಲ ಚಿತ್ರಕಲಾಕೃತಿಗಳು ಅವು. ಮಾತಿಸ್, ಪಿಕಾಸೋ ಆ ಗ್ಯಾಲರಿಗೆ ಬಂದದ್ದು ಆಮೇಲೆ.

ಇನ್ನು ಟ್ಯಾರೋ. ಕವಿ ಯೇಟ್ಸ್ ಅವರ ಒಡನಾಟದಿಂದ ಪಮೇಲಾ 1901ರ ಸುಮಾರಿಗೆ ಗೋಲ್ಡನ್ ಡಾನ್ ಎಂಬ ಗೂಢವಿದ್ಯೆಯ ಸಂಘ ಸೇರಿದ್ದರು. ಅಲ್ಲಿ ಪರಿಚಯವಾದವರು ಆರ್ಥರ್ ಎಡ್ವರ್ಡ್ ವೇಟ್. ಹೊಸದೊಂದು ಟ್ಯಾರೋ ಕಟ್ಟು ಮಾಡಿಸಬೇಕೆಂದಿದ್ದ ವೇಟ್ 1909ರಲ್ಲಿ ಕೆಲಸವನ್ನು ಇವರಿಗೆ ಒಪ್ಪಿಸಿದರು. ಕೆಲವೇ ತಿಂಗಳಲ್ಲಿ ಪಮೇಲಾ ಎಲ್ಲವನ್ನೂ ಬಿಡಿಸಿ ಮುಗಿಸಿದರು. ಆ ನವೆಂಬರ್‌ನಲ್ಲಿ ಸ್ಟಿಗ್ಲಿಟ್ಸ್‌ಗೆ ಬರೆದ ಪತ್ರದಲ್ಲಿ, ಕೆಲಸ ಬೆಟ್ಟದಷ್ಟಿತ್ತು, ಕೈಗೆ ಬಂದ ಹಣ ಮಾತ್ರ ತೀರಾ ಕಡಿಮೆ ಎಂದು ಹೇಳಿಕೊಂಡಿದ್ದಾರೆ.

ಆ ಕೆಲಸ ಎಷ್ಟು ದೊಡ್ಡದೆಂದು ತಿಳಿಯಲು ನಮ್ಮ ಇಸ್ಪೀಟನ್ನು ನೆನಪಿಸಿಕೊಳ್ಳಿ. ಎಂಟನೇ ಎಲೆಯಲ್ಲಿ ಎಂಟು ಗುರುತು, ಅಷ್ಟೇ. ಟ್ಯಾರೋದ 22 ದೊಡ್ಡ ಕಾರ್ಡುಗಳಲ್ಲಿ ಮೊದಲಿನಿಂದಲೂ ಚಿತ್ರಗಳಿದ್ದವು. ಉಳಿದ 56 ಕಾರ್ಡುಗಳ ಪೈಕಿ ರಾಜ ರಾಣಿಯರನ್ನು ಬಿಟ್ಟರೆ ಮಿಕ್ಕವು ಸಾಮಾನ್ಯವಾಗಿ ಇಸ್ಪೀಟಿನಂತೆಯೇ ಇದ್ದವು: ಎಂಟು ಕತ್ತಿ, ಐದು ಬಟ್ಟಲು, ಹತ್ತು ಕೋಲು. ಪಮೇಲಾ ಅವಕ್ಕೂ ಮನುಷ್ಯರನ್ನು ತಂದರು. ಹದಿನೈದನೇ ಶತಮಾನದ ಕೊನೆಯ ಇಟಲಿಯ ಸೋಲಾ ಬುಸ್ಕಾ ಕಟ್ಟಿನಲ್ಲಿ ಇಂಥ ಪ್ರಯತ್ನವಾಗಿತ್ತು. ಅದರ ಫೋಟೋಗಳು 1907ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಬಂದಿದ್ದವು. ಹೃದಯಕ್ಕೆ ಮೂರು ಕತ್ತಿ ನಾಟಿದ ಕಾರ್ಡಿನಂಥ ಕೆಲವಕ್ಕೆ ಪ್ರೇರಣೆ ಅಲ್ಲಿಂದಲೇ ಬಂತು. ವೇಟ್ ಅವರ ಗಮನವೆಲ್ಲ ದೊಡ್ಡ ಕಾರ್ಡುಗಳ ಮೇಲಿತ್ತು, ಸಣ್ಣವನ್ನು ಬಹುಮಟ್ಟಿಗೆ ಪಮೇಲಾ ಅವರ ಕಲ್ಪನೆಗೇ ಬಿಟ್ಟಿದ್ದರು ಎಂಬುದು ಇದನ್ನು ಅಭ್ಯಾಸ ಮಾಡಿದವರ ಅಭಿಪ್ರಾಯ. ಎಷ್ಟೋ ಸಣ್ಣ ಕಾರ್ಡುಗಳಲ್ಲಿ ಪಾತ್ರಗಳ ಹಿಂದೆ ಒಂದು ಅಡ್ಡಗೆರೆ ಕಾಣುತ್ತದೆ. ಮುಂದೆ ವೇದಿಕೆ, ಹಿಂದೆ ಪರದೆ. ನಾಟಕದವರ ಜೊತೆ ಕಳೆದ ದಿನಗಳು ವ್ಯರ್ಥವಾಗಿರಲಿಲ್ಲ.

ಈಗ ಹೆದರಿಸುವ ಕಾರ್ಡುಗಳಿಗೆ ಬರೋಣ. ನನ್ನ ಸಹೋದ್ಯೋಗಿಯೊಬ್ಬಳು ತನ್ನ ತಾಯಿಯ ಆಪರೇಷನ್ನಿಗೆ ವಾರವಿರುವಾಗ ಒಂದು ಕಡೆ ಕಾರ್ಡು ತೆಗೆಸಿದಳು. ಬಂದದ್ದು ಹದಿಮೂರನೆಯದು, ಡೆತ್. ಓದುವವರು ಮುಖ ಸಣ್ಣದು ಮಾಡಿ, ದುಬಾರಿ ಪರಿಹಾರವೊಂದನ್ನು ಸೂಚಿಸಿದರಂತೆ. ಮರುದಿನ ಅವಳು ಕ್ಯಾಂಟೀನಿನಲ್ಲಿ ಊಟ ಮುಟ್ಟದೆ ಕೂತಿದ್ದಳು. ನಾನು ಫೋನಿನಲ್ಲಿ ಆ ಕಾರ್ಡನ್ನು ದೊಡ್ಡದು ಮಾಡಿ ಅವಳ ಮುಂದಿಟ್ಟೆ. ಇಬ್ಬರೂ ಹೆಸರನ್ನು ಬಿಟ್ಟು ಚಿತ್ರ ನೋಡಿದೆವು.

ಕಪ್ಪು ಕವಚ ತೊಟ್ಟ ಅಸ್ಥಿಪಂಜರವೊಂದು ಬಿಳಿ ಕುದುರೆಯ ಮೇಲಿದೆ. ಅದರ ಕೈಯಲ್ಲಿ ಕತ್ತಿಯಿಲ್ಲ, ಬಿಳಿ ಗುಲಾಬಿಯಿರುವ ಕಪ್ಪು ಬಾವುಟವಿದೆ. ರಾಜ ಕೆಳಗೆ ಬಿದ್ದಿದ್ದಾನೆ, ಧರ್ಮಗುರು ಕೈಜೋಡಿಸಿ ನಿಂತಿದ್ದಾನೆ, ಯುವತಿಯೊಬ್ಬಳು ಮಂಡಿಯೂರಿ ಮುಖ ಆಚೆ ತಿರುಗಿಸಿದ್ದಾಳೆ. ಅವಳ ಪಕ್ಕದ ಪುಟ್ಟ ಮಗು ಮಾತ್ರ ಮುಖವೆತ್ತಿ ನೋಡುತ್ತಿದೆ. ಹಿಂದೆ ನದಿ ಹರಿಯುತ್ತಿದೆ, ಅದರಲ್ಲೊಂದು ದೋಣಿ. ದೂರದಲ್ಲಿ ಎರಡು ಗೋಪುರಗಳ ನಡುವೆ ಸೂರ್ಯ. ಇದನ್ನು ಒಬ್ಬರ ಸಾವಿನ ನೋಟೀಸು ಎಂದು ಓದುವುದು ಚಿತ್ರಕ್ಕೆ ಮಾಡುವ ಅನ್ಯಾಯ. ತಿಳಿದ ಓದುಗರು ಇದನ್ನು ಒಂದು ಕಾಲ ಮುಗಿದು ಇನ್ನೊಂದಕ್ಕೆ ಹೊರಳುವ ಗುರುತು ಎನ್ನುತ್ತಾರೆ. ಗೆಳತಿಯ ತಾಯಿ ಈಗ ಆರೋಗ್ಯವಾಗಿದ್ದಾರೆ. ಅದಕ್ಕೆ ಕಾರಣ ವೈದ್ಯರು, ಕಾರ್ಡಲ್ಲ. ಆದರೆ ಆ ಮಧ್ಯಾಹ್ನ ಅವಳು ಊಟ ಮಾಡಿದಳು.

ಎಂಟು ಕತ್ತಿಗಳ ಕಾರ್ಡು ನೋಡಿ. ಕಣ್ಣಿಗೆ ಬಟ್ಟೆ, ತೋಳುಗಳಿಗೆ ಕಟ್ಟು, ಸುತ್ತ ನೆಲಕ್ಕೆ ನೆಟ್ಟ ಕತ್ತಿಗಳ ನಡುವೆ ಒಬ್ಬ ಹೆಣ್ಣು. ನೋಡಿದ ತಕ್ಷಣ ಬಂಧನ ಎನಿಸುತ್ತದೆ. ಸ್ವಲ್ಪ ಹೊತ್ತು ನೋಡಿದರೆ ಅವಳ ಕಾಲುಗಳಿಗೆ ಕಟ್ಟಿಲ್ಲ, ಎದುರಿನ ದಾರಿಗೆ ಕತ್ತಿಯ ಬೇಲಿಯಿಲ್ಲ, ಕಾವಲಿಗೆ ಯಾರೂ ಇಲ್ಲ. ವೇಟ್ ಕೂಡ ತಮ್ಮ ಪುಸ್ತಕದಲ್ಲಿ ಇದು ಬಿಡುಗಡೆಯೇ ಇಲ್ಲದ ಸೆರೆಯಲ್ಲ, ಸ್ವಲ್ಪ ಕಾಲದ ತಡೆ ಎಂಬರ್ಥದಲ್ಲಿ ಬರೆದಿದ್ದಾರೆ.

ಒಂಬತ್ತು ಕತ್ತಿಗಳದು ನಡುರಾತ್ರಿಯ ಕಾರ್ಡು. ಹಾಸಿಗೆಯಲ್ಲಿ ಎದ್ದು ಕೂತು ಮುಖ ಮುಚ್ಚಿಕೊಂಡ ಜೀವ, ಹಿಂದೆ ಕತ್ತಲಲ್ಲಿ ಸಾಲಾಗಿ ತೂಗುವ ಕತ್ತಿಗಳು. ರಿಲೀಸಿನ ಹಿಂದಿನ ರಾತ್ರಿ, ಮಗುವಿನ ಜ್ವರ ಇಳಿಯದ ರಾತ್ರಿ ನಾವೆಲ್ಲ ಹೀಗೆ ಕೂತವರೇ. ಆದರೆ ಒಂದು ಕತ್ತಿಯೂ ಮೈಗೆ ನಾಟಿಲ್ಲ. ಹೊದಿಕೆಯ ತುಂಬ ಗುಲಾಬಿಗಳಿವೆ.

ಹತ್ತು ಕತ್ತಿಗಳದ್ದಂತೂ ಬೆನ್ನಿಗೆ ಹತ್ತೂ ನಾಟಿಸಿಕೊಂಡು ಬೋರಲು ಬಿದ್ದ ಮನುಷ್ಯ. ಆಕಾಶ ಕಪ್ಪಾಗಿದೆ. ಆ ಕಪ್ಪಿನ ಕೆಳಗೆ, ನಿಂತ ನೀರಿನಾಚೆ, ಹಳದಿ ಬೆಳಕಿನ ಪಟ್ಟಿಯೊಂದು ಎದ್ದಿದೆ. ಐದು ಬಟ್ಟಲಿನ ಕಾರ್ಡಿನಲ್ಲಿ ಕರಿ ನಿಲುವಂಗಿಯವನು ಚೆಲ್ಲಿದ ಮೂರನ್ನೇ ನೋಡುತ್ತಿದ್ದಾನೆ. ಅವನ ಬೆನ್ನ ಹಿಂದೆ ಎರಡು ನೆಟ್ಟಗೆ ನಿಂತಿವೆ, ಆಚೆ ನದಿಗೆ ಸೇತುವೆಯೂ ಇದೆ. ಐದು ನಾಣ್ಯದ ಕಾರ್ಡಿನಲ್ಲಿ ಹರಕು ಬಟ್ಟೆಯ ಇಬ್ಬರು ಹಿಮದಲ್ಲಿ ನಡೆಯುತ್ತಿದ್ದಾರೆ; ತಲೆಯ ಮೇಲೆಯೇ ದೀಪ ಬೆಳಗಿದ ಗಾಜಿನ ಕಿಟಕಿ.

ಪಮೇಲಾ ನೋವನ್ನು ಮುಚ್ಚಿಡಲಿಲ್ಲ. ಕತ್ತಿ ಕತ್ತಿಯೇ, ಹಿಮ ಹಿಮವೇ. ಆದರೆ ಚಿತ್ರದ ಚೌಕಟ್ಟನ್ನು ನೋವಿಗಿಂತ ತುಸು ದೊಡ್ಡದಾಗಿ ಹಾಕಿದರು. ಹಾಗಾಗಿ ಕಠಿಣ ಕಾರ್ಡು ಬಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಸರಳ. ಬೆಳಕು ಎಲ್ಲಿದೆ? ಕಾಲು ಬಿಡುವಾಗಿದೆಯೇ? ಬೆನ್ನ ಹಿಂದೆ ಉಳಿದಿರುವುದೇನು? ಹೀಗೆ ಓದಲು ದಿವ್ಯದೃಷ್ಟಿ ಬೇಡ, ಎರಡು ನಿಮಿಷದ ತಾಳ್ಮೆ ಸಾಕು. ಈ ಪ್ರಶ್ನೆಗಳನ್ನು ಬಿಟ್ಟು ನೇರವಾಗಿ ಪರಿಹಾರದ ಬೆಲೆ ಹೇಳುವವರ ಮೇಜಿನಿಂದ ಎದ್ದು ಬರುವುದೇ ಒಳ್ಳೆಯದು.

ಅವರ ಮುಂದಿನ ಬದುಕು ಸುಲಭವಿರಲಿಲ್ಲ. 1911ರಲ್ಲಿ ಕ್ಯಾಥೊಲಿಕ್ ಪಂಥಕ್ಕೆ ಸೇರಿದರು. ಅದೇ ವರ್ಷ ಸ್ಟೋಕರ್ ಕಾದಂಬರಿಗೆ, 1913ರಲ್ಲಿ ಎಲೆನ್ ಟೆರ್ರಿಯ ಪುಸ್ತಕಕ್ಕೆ ಚಿತ್ರ ಬಿಡಿಸಿದರು. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಬಂಧುವೊಬ್ಬರಿಂದ ಬಂದ ಹಣದಿಂದ ಕಾರ್ನ್‌ವಾಲ್‌ನ ಲಿಜರ್ಡ್ ಎಂಬ ಕಡಲಂಚಿನ ಊರಲ್ಲಿ ಮನೆ ಹಿಡಿದು, ಪಾದ್ರಿಗಳಿಗೆ ವಿಶ್ರಾಂತಿಧಾಮ ನಡೆಸಿದರು. ಕಲೆಯ ಮಾರುಕಟ್ಟೆ ಅವರನ್ನು ಮರೆತಿತ್ತು. ಗೆಳತಿ ನೋರಾ ಲೇಕ್ ಕೊನೆಯವರೆಗೂ ಜೊತೆಗಿದ್ದರು. 1951ರ ಸೆಪ್ಟೆಂಬರ್ 18ರಂದು ಬ್ಯೂಡ್ ಎಂಬಲ್ಲಿ, 73ನೇ ವಯಸ್ಸಿನಲ್ಲಿ ಪಮೇಲಾ ತೀರಿಕೊಂಡರು. ಇದ್ದುದನ್ನೆಲ್ಲ ನೋರಾಗೆ ಬರೆದಿಟ್ಟಿದ್ದರೂ ಸಾಲ ತೀರಿಸಲು ಸಾಮಾನು ಹರಾಜಾಯಿತು. ಸಮಾಧಿಗೆ ಕಲ್ಲೂ ಇಲ್ಲ.

ಇಪ್ಪತ್ತು ವರ್ಷಗಳ ನಂತರ, 1971ರಲ್ಲಿ, ಅಮೆರಿಕದ ಯು.ಎಸ್. ಗೇಮ್ಸ್ ಸಂಸ್ಥೆ ಆ ಕಟ್ಟಿನ ಹಕ್ಕು ಪಡೆದು ಮಾರಾಟಕ್ಕಿಳಿಯಿತು. ಕಾರ್ಡುಗಳು ಜಗತ್ತನ್ನೆಲ್ಲ ಸುತ್ತಿದವು. 2009ರಲ್ಲಿ ಶತಮಾನದ ನೆನಪಿಗೆ ಬಂದ ಆವೃತ್ತಿಯ ಹೆಸರಿನಲ್ಲಿ ಸ್ಮಿತ್ ಮೊದಲು, ವೇಟ್ ಆಮೇಲೆ. 2019ರಲ್ಲಿ, ಡಿಗ್ರಿಯಿಲ್ಲದೆ ಅವರು ಬಿಟ್ಟುಬಂದಿದ್ದ ಪ್ರ್ಯಾಟ್‌ನಲ್ಲೇ ಅವರ ಬದುಕು ಮತ್ತು ಕೃತಿಗಳ ಪ್ರದರ್ಶನ ನಡೆಯಿತು.

ನಮ್ಮ ಕೆಲಸದಲ್ಲಿ ಕೋಡಿನ ಪ್ರತಿ ಸಾಲನ್ನು ಯಾರು ಬರೆದರೆಂದು ಗಿಟ್‌ನಲ್ಲಿ ದಾಖಲಾಗಿರುತ್ತದೆ. ಪ್ರೆಸೆಂಟೇಶನ್ನಿನ ಮೊದಲ ಸ್ಲೈಡಿನಲ್ಲಿ ಯಾರ ಹೆಸರೇ ಇರಲಿ, ಹುಡುಕಿದರೆ ಸಿಗುತ್ತದೆ. ನೂರು ವರ್ಷದ ಹಿಂದೆ ಪಮೇಲಾ ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ಪೆಟ್ಟಿಗೆ ಅವರ ಕೈಯಲ್ಲಿರಲಿಲ್ಲ, ಕಾರ್ಡು ಅವರ ಕೈಯಲ್ಲಿತ್ತು. ಪ್ರತಿ ಕಾರ್ಡಿನ ತಳದ ಮೂಲೆಯಲ್ಲಿ ತಮ್ಮ ಹೆಸರಿನ ಮೂರು ಅಕ್ಷರಗಳನ್ನು ಬಳ್ಳಿಯಂತೆ ಹೆಣೆದಿಟ್ಟರು. ಮುಂದಿನ ಸಲ ಯಾರಾದರೂ ನಿಮ್ಮ ಮುಂದೆ ಕಾರ್ಡು ಹರಡಿದರೆ, ಎಷ್ಟೇ ಕಠಿಣವಾದದ್ದು ಬಂದರೂ, ಬೆಳಕನ್ನು ಹುಡುಕಿದ ಮೇಲೆ ಆ ಮೂಲೆಯನ್ನೂ ಒಮ್ಮೆ ನೋಡಿ. ಅವರು ಅಲ್ಲೇ ಇದ್ದಾರೆ.