ವರ್ಗದ ಹುಕುಮೂ ನ್ಯಾಯಮೂರ್ತಿ ರಾನಡೆಯವರೂ

ವರ್ಗದ ಹುಕುಮು ಬಂದೊಡನೆ ಹೊಸ ಊರಿನ ಹವೆ, ನೀರು, ಮಕ್ಕಳ ಶಾಲೆಗಳ ವಿಚಾರ ಮೊದಲಾಗುವುದು ಸಹಜವೇ. ಈ ಸಂದರ್ಭದಲ್ಲಿ ನಾವು ನೆನೆಯತಕ್ಕವರು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು. 1842ರಲ್ಲಿ ನಾಶಿಕ ಜಿಲ್ಲೆಯ ನಿಫಾಡದಲ್ಲಿ ಜನಿಸಿದ ಇವರು ತಾರುಣ್ಯದಲ್ಲಿ ಕೆಲಕಾಲ ನಮ್ಮ ಅಕ್ಕಲಕೋಟೆ ಸಂಸ್ಥಾನದ ಕಾರಭಾರಿಗಳಾಗಿದ್ದರೆಂಬುದು ನಮಗೆ ಅಭಿಮಾನದ ಸಂಗತಿ.

1871ರಲ್ಲಿ ಅವರು ಪುಣೆಯಲ್ಲಿ ಸಬ್‌ಜಡ್ಜರಾದರು. ಗೆಳೆಯರು, ಗ್ರಂಥಗಳು, ಸಾರ್ವಜನಿಕ ಸಭೆ ಎಲ್ಲವೂ ಅಲ್ಲಿಯೇ ಇದ್ದುದರಿಂದ ಅದಕ್ಕಿಂತ ಮೆಚ್ಚಿನ ಸ್ಥಳ ಅವರಿಗೆ ಬೇರೊಂದಿರಲಿಲ್ಲ. ಆದರೆ ಸರಕಾರಕ್ಕೆ ಆ ಸಭೆಯ ಮೇಲೆ ಸಂಶಯವಿದ್ದಿತು. 1878ರಲ್ಲಿ ಅವರನ್ನು ನಾಶಿಕಕ್ಕೂ, ವಾಸುದೇವ ಬಳವಂತ ಫಡಕೆಯವರ ದಂಗೆಯ ವರ್ಷವಾದ 1879ರಲ್ಲಿ ದೂರದ ಖಾನದೇಶದ ಧುಳೆಗೂ ವರ್ಗ ಮಾಡಲಾಯಿತು. ಧುಳೆಯಲ್ಲಿ ಅವರ ಟಪಾಲನ್ನು ಒಡೆದು ನೋಡಲಾಗುತ್ತಿತ್ತು. ರಾನಡೆಯವರು ರಾಜೀನಾಮೆ ಕೊಡಲಿಲ್ಲ; ನ್ಯಾಯಾಸನದ ಕೆಲಸವನ್ನೂ ಪತ್ನಿ ರಮಾಬಾಯಿಯವರ ವಿದ್ಯಾಭ್ಯಾಸವನ್ನೂ ತಪ್ಪದೆ ನಡೆಸಿದರು. ಸಂಶಯವು ಕರಗಿತು, 1881ರಲ್ಲಿ ಅವರು ಮುಂಬಯಿಗೂ ಅಲ್ಲಿಂದ ಪುಣೆಗೂ ಮರಳಿದರು.

ಮುಂದೆ, ಸಾಲದಲ್ಲಿ ಮುಳುಗಿದ ರೈತರ ರಕ್ಷಣೆಗಾಗಿ ಆದ 1879ರ ಕಾಯದೆಯ ಮೇರೆಗೆ, ಪುಣೆ, ಸಾತಾರ, ಅಹಮದನಗರ, ಸೊಲ್ಲಾಪುರ ಜಿಲ್ಲೆಗಳಲ್ಲಿ ಸಂಚರಿಸಿ ಕೋರ್ಟುಗಳ ತಪಾಸಣೆ ನಡೆಸಿದರು. ಒಂದೆಡೆ ನೆಲೆ ನಿಲ್ಲಗೊಡದ ಆ ತಿರುಗಾಟದಲ್ಲಿ ರೈತನ ಕಷ್ಟ ಅವರಿಗೆ ಹತ್ತಿರದಿಂದ ಕಂಡಿತು. 1893ರಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾಗಿ, 1901ರಲ್ಲಿ ದಿವಂಗತರಾದರು.

ಒಳ್ಳೆಯ ಊರನ್ನು ಬಯಸುವುದು ತಪ್ಪಲ್ಲ. ಆದರೆ ಬಯಸದ ಊರಿನ ಕಕ್ಷಿದಾರನಿಗೂ ಬಯಸಿದ ಊರಿನವನಿಗೆ ಸಲ್ಲುವಷ್ಟೇ ನ್ಯಾಯ ಸಲ್ಲಬೇಕು. ನ್ಯಾಯಾಧೀಶನ ನಿಜವಾದ ಪರೀಕ್ಷೆ ಅಲ್ಲಿಯೇ ಎಂದು ನಾವು ಭಾವಿಸುತ್ತೇವೆ.