ಪಾಡು ಹಾಡಾಯಿತು: ವರಕವಿ ಬೇಂದ್ರೆಯವರ ಜೀವನ



ಈ ತಿಂಗಳ ಗೋಡೆಪತ್ರಿಕೆಯಲ್ಲಿ ಒಬ್ಬ ಮಹನೀಯರ ಜೀವನಚರಿತ್ರೆ ಬರೆಯುವ ಸರದಿ ನನ್ನದು. ನಾನು ವರಕವಿ ದ.ರಾ. ಬೇಂದ್ರೆಯವರನ್ನು ಆರಿಸಿಕೊಂಡಿದ್ದೇನೆ. ಅವರ ಪದ್ಯ ನಮಗೆ ಪಾಠಕ್ಕೆ ಬಂದಿವೆ, ಬಾಯಿಪಾಠ ಮಾಡಿದ್ದೇವೆ, ಗ್ಯಾದರಿಂಗಿನಲ್ಲಿ ಹಾಡಿ ಕುಣಿದಿದ್ದೇವೆ. ಅಂಥ ಪದ್ಯ ಬರೆದವರು ಭಾಳ ಸುಖದಲ್ಲಿ ಬೆಳೆದಿರಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಅವರ ಬಾಳಿನ ಕಥೆ ಹಾಗಿಲ್ಲ. ಅವರು ಕಂಡಷ್ಟು ಸಾವು ನೋವು ನಮ್ಮ ಊರಿನಲ್ಲಿ ಕಂಡವರು ಕಡಿಮೆ. ಆ ನೋವನ್ನು ಅವರು ಏನು ಮಾಡಿದರು ಎಂಬುದೇ ನನ್ನ ಈ ಲೇಖನದ ವಿಷಯ.

ಹುಟ್ಟು ಮತ್ತು ಬಾಲ್ಯ

ಬೇಂದ್ರೆಯವರ ಪೂರ್ತಿ ಹೆಸರು ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಹುಟ್ಟಿದ್ದು 1896ನೇ ಇಸವಿ ಜನವರಿ 31ರಂದು, ಧಾರವಾಡದಲ್ಲಿ. ತಂದೆ ರಾಮಚಂದ್ರ, ತಾಯಿ ಅಂಬಿಕೆ. ಮನೆಯಲ್ಲಿ ಆಡುವ ಮಾತು ಮರಾಠಿ, ಹೊರಗೆ ಓಣಿಯಲ್ಲಿ ಧಾರವಾಡದ ಕನ್ನಡ. ಮುಂದೆ ಅವರು ಕನ್ನಡದ ದೊಡ್ಡ ಕವಿಯಾದದ್ದು ಈ ಓಣಿಯ ಕನ್ನಡದಿಂದಲೇ.

ಹುಡುಗನಿಗೆ ಹನ್ನೆರಡು ವರ್ಷದ ಸುಮಾರಿಗೆ ತಂದೆ ತೀರಿಕೊಂಡರು. ಮನೆಯಲ್ಲಿ ಬಡತನ. ತಾಯಿ ಕಷ್ಟಪಟ್ಟು ಮಕ್ಕಳನ್ನು ಬೆಳೆಸಿದರು. ಬಂಧುಗಳ ಆಸರೆಯಿಂದ ಹುಡುಗ 1913ರಲ್ಲಿ ಮೆಟ್ರಿಕ್ ಪಾಸಾದ. ಆಮೇಲೆ ಪುಣೆಗೆ ಹೋಗಿ ಫರ್ಗ್ಯೂಸನ್ ಕಾಲೇಜು ಸೇರಿ 1918ರಲ್ಲಿ ಬಿ.ಎ. ಮುಗಿಸಿದರು.

ಬೇಂದ್ರೆಯವರ ಕಾವ್ಯನಾಮ ಅಂಬಿಕಾತನಯದತ್ತ. ಪರೀಕ್ಷೆಯಲ್ಲಿ ಇದನ್ನು ಕೇಳುತ್ತಾರೆ, ನಾವು ಬರೆದು ಒಂದು ಅಂಕ ತೆಗೆದುಕೊಳ್ಳುತ್ತೇವೆ. ಆದರೆ ಅದರ ಅರ್ಥ ನೋಡಿರಿ. ಅಂಬಿಕೆಯ ಮಗ ದತ್ತ. ತಂದೆಯಿಲ್ಲದ ಮನೆಯನ್ನು ಹೊತ್ತು ನಡೆಸಿದ ಅವ್ವನ ಹೆಸರನ್ನು ಮಗ ತನ್ನ ಪ್ರತಿ ಪದ್ಯದ ಮೇಲೂ ಹಾಕಿದ. ‘ನಾನು’ ಎಂಬ ಅವರ ಕವನದಲ್ಲಿ ಐವರು ತಾಯಂದಿರು ಬರುತ್ತಾರೆ: ವಿಶ್ವಮಾತೆ, ಭೂಮಾತೆ, ಭಾರತಮಾತೆ, ಕನ್ನಡಮಾತೆ, ಕೊನೆಗೆ ಹೆತ್ತ ತಾಯಿ. ನಾಲ್ಕು ದೊಡ್ಡ ತಾಯಂದಿರ ಸಾಲಿನಲ್ಲಿ ಧಾರವಾಡದ ಒಬ್ಬ ಬಡ ವಿಧವೆಯನ್ನು ಸರಿಸಮ ನಿಲ್ಲಿಸಿದ್ದು ನನಗೆ ಭಾಳ ಮೆಚ್ಚುಗೆಯಾಯಿತು.

ಮಾಸ್ತರ ಬೇಂದ್ರೆ

ಬಿ.ಎ. ಆದ ಮೇಲೆ ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾದರು. 1919ರಲ್ಲಿ ಲಕ್ಷ್ಮೀಬಾಯಿಯವರ ಜೊತೆ ಮದುವೆಯಾಯಿತು. 1922ರಲ್ಲಿ ಧಾರವಾಡದಲ್ಲಿ ‘ಗೆಳೆಯರ ಗುಂಪು’ ಕಟ್ಟಿದರು. ಶಂ.ಬಾ. ಜೋಶಿ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ ಮುಂತಾದವರೆಲ್ಲ ಆ ಗುಂಪಿನವರು. ಕೂಡಿ ಓದುವುದು, ಬರೆದದ್ದನ್ನು ಒಬ್ಬರಿಗೊಬ್ಬರು ಹೇಳಿ ತೋರಿಸುವುದು, ಊರೂರಿಗೆ ಹೋಗಿ ಕನ್ನಡದ ಕೆಲಸ ಮಾಡುವುದು ಅವರ ಪದ್ಧತಿ.

ಅದೇ 1922ರಲ್ಲಿ ‘ಕೃಷ್ಣಾಕುಮಾರಿ’ ಅಚ್ಚಾಯಿತು. 1932ರಲ್ಲಿ ‘ಗರಿ’ ಎಂಬ ಕವನಸಂಗ್ರಹ ಬಂತು. ಅದರಲ್ಲಿದ್ದ ‘ನರಬಲಿ’ ಎಂಬ ಪದ್ಯದಲ್ಲಿ ರಾಜದ್ರೋಹ ಇದೆ ಅಂತ ಬ್ರಿಟಿಷ್ ಸರಕಾರ ಅವರನ್ನು ಹಿಡಿಯಿತು. ಬೆಳಗಾವಿ ಹತ್ತಿರದ ಹಿಂಡಲಗಾ ಜೈಲಿಗೆ ಹಾಕಿದರು. ಆಮೇಲೆ ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಯಲ್ಲಿ ಕಾವಲಿನಲ್ಲಿ ಇಟ್ಟರು. ಒಂದು ಪದ್ಯಕ್ಕೆ ಇಷ್ಟು ಶಿಕ್ಷೆ!

ಜೈಲಿನಿಂದ ಬಂದ ಮೇಲೆ ಕೆಲಸ ಸಿಗುವುದೇ ಕಷ್ಟವಾಯಿತು. 1935ರಲ್ಲಿ, 39ನೇ ವಯಸ್ಸಿನಲ್ಲಿ, ಎಂ.ಎ. ಮಾಡಿಕೊಂಡರು. ಆದರೂ ಕಾಯಂ ನೌಕರಿ ಅಂತ ಸಿಕ್ಕಿದ್ದು 1944ರಲ್ಲಿ, ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿ. ಆಗ ಅವರಿಗೆ 48 ವರ್ಷ. ನಡುವಿನ ಹನ್ನೆರಡು ವರ್ಷ ಒಂದು ಸಂಸಾರ ಹೇಗೆ ನಡೆದಿರಬಹುದು, ಲೆಕ್ಕ ಹಾಕಿರಿ.

ತೊಟ್ಟಿಲು ಬರಿದಾದ ಮನೆ

ಬಡತನಕ್ಕಿಂತ ದೊಡ್ಡ ದುಃಖ ಬೇರೆ ಇತ್ತು. ಬೇಂದ್ರೆ ದಂಪತಿಗಳಿಗೆ ಒಂಬತ್ತು ಮಕ್ಕಳು. ಕೊನೆಗೆ ಉಳಿದವರು ಮೂವರೇ. ಉಳಿದ ಆರು ಮಕ್ಕಳನ್ನು ತಂದೆತಾಯಿ ತಮ್ಮ ಕೈಯಾರೆ ಕಳಿಸಿಕೊಡಬೇಕಾಯಿತು. ಆ ಕಾಲದಲ್ಲಿ ಪ್ಲೇಗು, ಕಾಲರಾ, ಸಿಡುಬು ಊರೂರಿಗೆ ಬರುತ್ತಿದ್ದವು. ಈಗ ನಮ್ಮ ಆರೋಗ್ಯ ಕೇಂದ್ರದಲ್ಲಿ ಕೂಸುಗಳಿಗೆ ಹಾಕುವ ಹೆಚ್ಚಿನ ಲಸಿಕೆಗಳು ಆಗ ಇರಲಿಲ್ಲ. ಪೆನಿಸಿಲಿನ್‌ನಂಥ ಔಷಧ ಜನರ ಕೈಗೆ ಬಂದದ್ದು 1940ರ ನಂತರ. ಮನೆಗೊಂದು ಎರಡು ಕೂಸು ಹೋಗುವುದು ಆಗ ಸಾಮಾನ್ಯ. ಸಾಮಾನ್ಯ ಅಂದ ಮಾತ್ರಕ್ಕೆ ಹೆತ್ತವರಿಗೆ ಹಗುರ ಆಗುತ್ತದೆಯೇ?

ಒಂದು ಮಗು ಕೈಬಿಟ್ಟ ಹೊತ್ತಿನಲ್ಲಿ ಹೆಂಡತಿ ತಮ್ಮನ್ನು ನೋಡಿದ ನೋಟದ ಮೇಲೆ ಬೇಂದ್ರೆಯವರು ಬರೆದ ಪದ್ಯ ನಮ್ಮ ಕಡೆ ಕೇಳದವರಿಲ್ಲ. ಅದರಲ್ಲಿ ಅಂಥ ಮಾತುಗಾರ ಗಂಡನಿಗೆ ಆ ನೋಟದ ಎದುರು ಉತ್ತರವೇ ಇಲ್ಲ. ನಮ್ಮ ಕನ್ನಡ ಸರ್ ಅದನ್ನು ತರಗತಿಯಲ್ಲಿ ಓದಿದಾಗ ಹಿಂದಿನ ಬೆಂಚಿನಲ್ಲೂ ಸಪ್ಪಳ ಇರಲಿಲ್ಲ.

ಆದರೆ ಅದು ಒಂದು ಗಳಿಗೆಯ ಪದ್ಯ. ಒಂದು ನೋಟ, ಒಂದು ಹೊತ್ತು, ಅಷ್ಟೇ. ಇಂಥ ಗಳಿಗೆಗಳು ಇಪ್ಪತ್ತು ವರ್ಷದಲ್ಲಿ ಒಂದರ ಮೇಲೊಂದು ಬಂದರೆ? ಅವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿ ಹೇಳುವುದು ಹೇಗೆ? ಅದಕ್ಕೆ ಕಥೆ ಬೇಕಾಗುತ್ತದೆ. ಆ ಕಥೆಯೇ ‘ಸಖೀಗೀತ’.

ಮನೆಯ ಕಥೆ ಕಾವ್ಯವಾದದ್ದು

‘ಸಖೀಗೀತ’ ಅಚ್ಚಾದದ್ದು 1937ರಲ್ಲಿ. ಮದುವೆಯಾಗಿ 18 ವರ್ಷ ಆಗಿತ್ತು. ಕೈಯಲ್ಲಿ ಕಾಯಂ ಕೆಲಸ ಇಲ್ಲದ ಕಾಲ ಅದು. ಇದು ಹಲವು ಭಾಗಗಳಿರುವ ಉದ್ದನೆಯ ಕಥನಕಾವ್ಯ. ಇದರಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಗಂಡ ಹೆಂಡತಿಗೆ ತಮ್ಮಿಬ್ಬರ ಬಾಳಿನ ಕಥೆಯನ್ನೇ ಹೇಳುತ್ತಾನೆ. ಮದುವೆ, ಹೊಸ ಸಂಸಾರ, ಮಕ್ಕಳು, ಮಕ್ಕಳ ಸಾವು, ಬಡತನ, ಎಲ್ಲ ಬರುತ್ತದೆ. ಸಿಹಿಯ ಜೊತೆ ಕಹಿಯೂ ಇದೆ.

ನಮ್ಮ ಹಳೆಯ ಕಾವ್ಯಗಳಲ್ಲಿ ಮಗು ಸತ್ತ ತಾಯಿ ಇಲ್ಲವೇ? ಇದ್ದಾಳೆ. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಚಂದ್ರಮತಿ ಲೋಹಿತಾಶ್ವನಿಗಾಗಿ ಅಳುತ್ತಾಳೆ. ಆದರೆ ಅವಳು ರಾಣಿ. ಅವಳ ಮಗ ಕಡೆಗೆ ಎದ್ದು ಕೂಡುತ್ತಾನೆ, ದೇವರು ಬಂದು ಎಲ್ಲ ಸರಿಮಾಡುತ್ತಾನೆ. ಲಕ್ಷ್ಮೀಬಾಯಿಯವರ ಮಕ್ಕಳು ಎದ್ದು ಬರಲಿಲ್ಲ. ದೇವರು ಬಂದು ಸರಿಮಾಡದ ಕಥೆಯನ್ನೂ ಕಾವ್ಯ ಮಾಡಬಹುದು, ಸಾಮಾನ್ಯ ಮನೆಯ ಗಂಡಹೆಂಡಿರೂ ಕಾವ್ಯಕ್ಕೆ ಸಾಕು ಅಂತ ಬೇಂದ್ರೆಯವರು ಮಾಡಿ ತೋರಿಸಿದರು.

ಇನ್ನೊಂದು ವಿಶೇಷ. ಹೆಂಡತಿಯನ್ನು ಅವರು ಸಖಿ ಅಂತ ಕರೆದರು. ಸಖಿ ಅಂದರೆ ಗೆಳತಿ. ಆ ಕಾಲದಲ್ಲಿ ಗಂಡ ಹೆಂಡತಿಯ ಹೆಸರು ಕರೆಯುವುದೂ ಅಪರೂಪ. ನಮ್ಮ ಊರಿನ ಹಿರಿಯರು ಇವತ್ತಿಗೂ ಯಾವುದಾದರೂ ಮಗುವಿನ ಹೆಸರು ಹಿಡಿದು ಅದರ ಅವ್ವ ಅಂತ ಕೂಗುತ್ತಾರೆ, ಇಲ್ಲವೇ ಇಕಿ ಅನ್ನುತ್ತಾರೆ. ಹಾಗಿರುವಾಗ 1937ರಲ್ಲಿ ಪುಸ್ತಕದ ಹೆಸರಿನಲ್ಲೇ ಹೆಂಡತಿಯನ್ನು ಗೆಳತಿ ಅಂದದ್ದು ಸಣ್ಣ ಮಾತಲ್ಲ.

ಪಾಡು ಮತ್ತು ಹಾಡು

ಇಲ್ಲಿ ಸ್ವಲ್ಪ ವ್ಯಾಕರಣ ನೆನಪು ಮಾಡಿಕೊಳ್ಳೋಣ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರ ಆಗುತ್ತದೆ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಹಂಗೇ ಪಾಡು ಹಾಡಾಯಿತು. ಆದರೆ ಇನ್ನೊಂದು ಪಾಡು ಇದೆ. ಕಷ್ಟಪಡು, ನೋವುಪಡು ಅನ್ನುತ್ತೇವಲ್ಲ, ಆ ‘ಪಡು’ವಿನಿಂದ ಬಂದದ್ದು. ಯಾರಿಗೂ ಬ್ಯಾಡ ಈ ಪಾಡು ಅಂತ ಮನೆಯಲ್ಲಿ ಹಿರಿಯರು ಅನ್ನುವುದು ಇದೇ. ಈ ಪಾಡು ಮಾತ್ರ ಹಕಾರ ಆಗದೆ ಹಂಗೇ ಉಳಿದಿದೆ. ಬೇಂದ್ರೆಯವರು ಈ ಎರಡೂ ಮಾತುಗಳನ್ನು ಜೋಡಿಸಿ ಯೋಚಿಸಿದವರು. ಕವಿ ಪಟ್ಟ ಕಷ್ಟ ಕವಿಗೇ ಸೇರಿದ್ದು, ಓದುಗರಿಗೆ ಸಲ್ಲಬೇಕಾದ್ದು ಅದರಿಂದ ಹುಟ್ಟಿದ ಕಾವ್ಯ ಎನ್ನುವುದು ಅವರ ನಿಲುವು.

ಹಾಗಾದರೆ ‘ಸಖೀಗೀತ’ದಲ್ಲಿ ಮನೆಯ ಪಾಡನ್ನೇ ಯಾಕೆ ಹೇಳಿದರು ಅಂತ ನೀವು ಕೇಳಬಹುದು. ಇದನ್ನು ನಾನು ಭಾಳ ಯೋಚಿಸಿದೆ. ನನಗೆ ಎರಡು ಕಾರಣ ಕಾಣುತ್ತವೆ.

ಒಂದನೆಯದು, ಅವರು ಅದನ್ನು ಹೇಳಿದ್ದು ಲೋಕಕ್ಕಲ್ಲ, ಹೆಂಡತಿಗೆ. ಆ ಪಾಡಿನಲ್ಲಿ ಅರ್ಧ ಪಾಲು ಆಕೆಯದೇ. ಕೂಡಿ ಉಂಡ ಕಹಿಯನ್ನು ಕೂಡಿ ನೆನಪು ಮಾಡಿಕೊಳ್ಳುವುದು ದೂರು ಹೇಳಿದಂತೆ ಆಗುವುದಿಲ್ಲ. ನಾವು ಓದುವವರು ಪಡಸಾಲೆಯಲ್ಲಿ ಕುಳಿತು ಒಳಗಿನ ಮಾತು ಕೇಳಿಸಿಕೊಂಡ ಹಾಗೆ ಆಗುತ್ತದೆ.

ಎರಡನೆಯದು, ಅವರು ಅದನ್ನು ಲಯದಲ್ಲಿ ಕಟ್ಟಿದರು. ಬರೀ ಅತ್ತರೆ ಮಾತು ತುಂಡು ತುಂಡಾಗುತ್ತದೆ. ಲಯಕ್ಕೆ ಕೂಡಿಸಬೇಕಾದರೆ ಮಾತನ್ನು ಆರಿಸಬೇಕು, ಮುಂದಿನ ಸಾಲು ಯಾವುದು ಅಂತ ನೋಡಬೇಕು. ಕಥೆಯಾದರೆ ಇನ್ನೂ ಹೆಚ್ಚು. ಮೊದಲು ಏನಾಯಿತು, ಆಮೇಲೆ ಏನಾಯಿತು ಅಂತ ಸಾಲಾಗಿ ಇಡಬೇಕು. ಹಾಗೆ ಇಡುವಾಗ ಸಾವಿನ ಹಿಂದೆ ಮುಂದೆ ಇದ್ದ ಒಳ್ಳೆಯ ದಿನಗಳೂ ಬಂದು ಕೂಡುತ್ತವೆ. ದುಃಖವೊಂದೇ ಇಡೀ ಮನೆಯನ್ನು ತುಂಬಿಕೊಳ್ಳುವುದಿಲ್ಲ.

ನಮ್ಮ ಬೀಸುಕಲ್ಲಿನ ಹಾಡು

ಈ ವಿದ್ಯೆ ಬೇಂದ್ರೆಯವರಿಗೆ ಕಾಲೇಜಿನಿಂದ ಮಾತ್ರ ಬಂದದ್ದಲ್ಲ ಅಂತ ನನ್ನ ಅನಿಸಿಕೆ. ಅವರಿಗೆ ಜನಪದ ಹಾಡಿನ ಮೇಲೆ ಬಲು ಪ್ರೀತಿ. ಅವರ ಗೆಳೆಯ ಮಧುರಚೆನ್ನರು ವಿಜಾಪುರ ಜಿಲ್ಲೆಯ ಹಲಸಂಗಿಯವರು. ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕ ತಂದರು. ತವರಿನ ನೆನಪು, ಕೂಸಿನ ಆಟ, ಅಣ್ಣತಮ್ಮರ ಪ್ರೀತಿ, ಎಲ್ಲವನ್ನೂ ನಮ್ಮ ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಮೂರು ಸಾಲಿನಲ್ಲಿ ಹಾಡಿದ್ದಾರೆ. ಓದು ಬರಹ ಬಾರದವರು ತಮ್ಮ ಪಾಡನ್ನು ಹಾಡು ಮಾಡಿದ್ದು ಹೀಗೆ.

ನಮ್ಮ ಮನೆಯಲ್ಲೂ ಇದು ಇದೆ. ನಮ್ಮ ಆಯಿಯ ಚೊಚ್ಚಲ ಕೂಸು ಹೋಗಿ ಐವತ್ತು ವರ್ಷದ ಮೇಲಾಯಿತು. ಆ ಸುದ್ದಿ ಮನೆಯಲ್ಲಿ ಯಾರೂ ತೆಗೆಯುವುದಿಲ್ಲ, ಆಯಿಯೂ ತೆಗೆಯುವುದಿಲ್ಲ. ಹಿಟ್ಟಿಗೆ ಈಗ ಗಿರಣಿ ಇದೆ. ಆದರೆ ತೊಗರಿ ಒಡೆಯಲು ಆಯಿ ಇನ್ನೂ ಕಲ್ಲಿನ ಮುಂದೆ ಕೂಡುತ್ತಾಳೆ. ಆಗ ಹಾಡುವ ಹಾಡಿನಲ್ಲಿ ಆ ಕೂಸಿನ ಹೆಸರು ಬರುತ್ತದೆ. ಆಯಿ ಅಳುವುದಿಲ್ಲ. ಕಲ್ಲು ನಿಲ್ಲುವುದೂ ಇಲ್ಲ. ಬೇಂದ್ರೆಯವರ ಬಗ್ಗೆ ಓದಿದ ಮೇಲೆ ನಾನು ಹತ್ತಿರ ಕುಳಿತು ಕೇಳಿ, ನಾಲ್ಕು ತ್ರಿಪದಿ ನೋಟಬುಕ್ಕಿನಲ್ಲಿ ಬರೆದುಕೊಂಡೆ. ಅವನ್ನು ಇಲ್ಲಿ ಹಾಕಿಲ್ಲ. ಅವು ಆಯಿಯ ಸ್ವತ್ತು. ಆಕೆ ಹೇಳಿದ ದಿನ ಹಾಕುತ್ತೇನೆ.

ಕೀರ್ತಿ ಮತ್ತು ಕೊನೆಯ ದಿನಗಳು

ಬೇಂದ್ರೆಯವರು 1943ರಲ್ಲಿ ಶಿವಮೊಗ್ಗದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1956ರವರೆಗೆ ಸೊಲ್ಲಾಪುರದಲ್ಲಿ ಪಾಠ ಹೇಳಿ, ಆಮೇಲೆ ಧಾರವಾಡ ಆಕಾಶವಾಣಿಗೆ ಸಲಹೆಗಾರರಾದರು. ‘ಅರಳು ಮರಳು’ ಕವನಸಂಗ್ರಹಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1968ರಲ್ಲಿ ಪದ್ಮಶ್ರೀ. ‘ನಾಕುತಂತಿ’ಗೆ 1973ರ ಜ್ಞಾನಪೀಠ ಪ್ರಶಸ್ತಿ. ಕುವೆಂಪು ಅವರ ನಂತರ ಕನ್ನಡಕ್ಕೆ ಬಂದ ಎರಡನೆಯ ಜ್ಞಾನಪೀಠ ಅದು. 1981ರ ಅಕ್ಟೋಬರ್ 26ರಂದು ಮುಂಬಯಿಯಲ್ಲಿ ತೀರಿಕೊಂಡರು. ಆಗ ಅವರಿಗೆ 85 ವರ್ಷ. ಧಾರವಾಡದ ಸಾಧನಕೇರಿಯಲ್ಲಿ ಅವರ ಮನೆ ಇದೆ. ಆ ಕಡೆ ಹೋದವರು ನೋಡಿಕೊಂಡು ಬರಬೇಕು.

ಗೆಳೆಯರಲ್ಲಿ ಒಂದು ಮಾತು

ನಮ್ಮ ಗೋಡೆಪತ್ರಿಕೆಗೆ ಗಾದೆ ಬರುತ್ತವೆ, ಒಗಟು ಬರುತ್ತವೆ, ನಗೆಹನಿ ಬರುತ್ತವೆ. ಅವು ಬೇಕು. ಆದರೆ ಮನೆಯ ಕಥೆ ಯಾರೂ ಬರೆಯುವುದಿಲ್ಲ. ನಮ್ಮ ತರಗತಿಯಲ್ಲೇ ಈ ವರ್ಷ ಮನೆಯ ಹಿರಿಯರನ್ನು ಕಳಕೊಂಡವರಿದ್ದಾರೆ. ಅವರು ವಾರಗಟ್ಟಲೆ ಸುಮ್ಮನೆ ಕುಳಿತಿದ್ದನ್ನು ನಾವೆಲ್ಲ ನೋಡಿದ್ದೇವೆ. ಏನು ಮಾತಾಡಬೇಕು ಅಂತ ನಮಗೂ ತಿಳಿಯಲಿಲ್ಲ. ಅವರು ಎಲ್ಲವನ್ನೂ ಬರೆದು ಗೋಡೆಗೆ ಹಚ್ಚಬೇಕು ಅಂತ ನಾನು ಹೇಳುವುದಿಲ್ಲ. ಬೇಂದ್ರೆಯವರೂ ಮೊದಲು ಹೇಳಿದ್ದು ಒಬ್ಬರಿಗೆ. ಹಂಗೇ ನಾವೂ ಕೂಡಿ ಬಾಳಿದ ಒಬ್ಬರಿಗೆ ಹೇಳಬಹುದು. ಅಣ್ಣನಿಗೆ, ಅವ್ವನಿಗೆ, ಗೆಳತಿಗೆ. ಮೊದಲು ಏನಾಯಿತು, ಆಮೇಲೆ ಏನಾಯಿತು ಅಂತ ಸಾಲಾಗಿ. ಪ್ರಾಸ ಬಂದರೆ ಬರಲಿ, ಬಾರದಿದ್ದರೆ ಬಿಡಲಿ. ಹೋದವರು ನಕ್ಕ ದಿನ ಒಂದನ್ನು ಮಾತ್ರ ಬಿಡದೆ ಸೇರಿಸಬೇಕು.

ನಮ್ಮ ಶಾಲೆಯ ವಾಚನಾಲಯದ ಕಪಾಟಿನಲ್ಲಿ ಬೇಂದ್ರೆಯವರ ಪುಸ್ತಕಗಳಿವೆ. ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಕನ್ನಡ ಸರ್ ಹತ್ತಿರ ಕೀಲಿಕೈ ಸಿಗುತ್ತದೆ. ತೆಗೆದುಕೊಂಡು ಓದಿರಿ.