ಬಿಸಿಲನ್ನು ನಂಬಿದ ಜಾಕೊಮೊ ಚಮಿಚಾನರು

ನೀರು ತುಂಬಿದ ಗಾಜಿನ ಪಾತ್ರೆಯಲ್ಲಿ ಹಸುರು ಜಲಸಸ್ಯವನ್ನು ಮುಳುಗಿಸಿ, ಕಿಟಕಿಯ ಬಿಸಿಲಿಗಿಟ್ಟು, ಅದರಿಂದೇಳುವ ಗುಳ್ಳೆಗಳನ್ನು ಎಣಿಸಿದುದು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿರಬಹುದು. ಗುಳ್ಳೆಗಳು ಆಮ್ಲಜನಕವೆಂದು ಬರೆದುಕೊಂಡು, ಗಂಟೆಯಾದೊಡನೆ ನಾವು ಎದ್ದುಬಂದೆವು. ಎಲೆಯು ಮಾಡುವ ಈ ಕೆಲಸವನ್ನು ಮನುಷ್ಯನೇಕೆ ಮಾಡಬಾರದೆಂದು ಕೇಳಿದ ಪಂಡಿತರೊಬ್ಬರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳುವೆವು.

ಜಾಕೊಮೊ ಚಮಿಚಾನರು 1857ನೆಯ ಇಸವಿ ಆಗಸ್ಟ್ 27ರಂದು, ಆಗ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಟ್ರಿಯೆಸ್ಟ್ ಎಂಬ ರೇವುಪಟ್ಟಣದಲ್ಲಿ, ಅರ್ಮೇನಿಯ ಮೂಲದ ಮನೆತನದಲ್ಲಿ ಜನಿಸಿದರು. ವಿಯೆನ್ನಾದಲ್ಲಿ ಓದಿ, 1880ರಲ್ಲಿ ಜರ್ಮನಿಯ ಗೀಸೆನ್ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದರು. ರೋಮಿನಲ್ಲಿ ಪ್ರಸಿದ್ಧ ರಸಾಯನಶಾಸ್ತ್ರಜ್ಞರಾದ ಕಾನಿಝಾರೋ ಅವರಿಗೆ ಸಹಾಯಕರಾಗಿದ್ದು, ಪಡುವಾದಲ್ಲಿ ಕೆಲಕಾಲ ಕಲಿಸಿ, 1889ರಲ್ಲಿ ಇಟಲಿಯ ಬೊಲೋನ್ಯಾ ನಗರಕ್ಕೆ ಪ್ರಾಧ್ಯಾಪಕರಾಗಿ ಬಂದವರು ಕಡೆಯವರೆಗೂ ಅಲ್ಲಿಯೇ ನಿಂತರು.

1900ರಿಂದ ಅವರು ಪೌಲ್ ಸಿಲ್ಬರ್ ಎಂಬ ಜರ್ಮನ್ ಸಂಗಡಿಗರೊಡನೆ ಬೆಳಕಿನ ರಸಾಯನವನ್ನು ಕೈಗೊಂಡರು. ಪ್ರಯೋಗಶಾಲೆಯ ಮಾಳಿಗೆಯ ಮೇಲೆ ಗಾಜಿನ ಬುಡ್ಡಿಗಳು ಸಾಲುಗೂಡಿದುವು. ಅಲ್ಲಿ ಒಲೆಯಿಲ್ಲ, ಇದ್ದಲಿಲ್ಲ; ಬಿಸಿಲೊಂದೇ ಆಳು. ಸಬ್ಬಸಿಗೆ ಬೀಜದ ಎಣ್ಣೆಯಲ್ಲಿಯೂ ಇರುವ ಕಾರ್ವೋನ್ ಎಂಬ ವಸ್ತುವನ್ನು ಒಂದು ವರುಷ ಬಿಸಿಲಿಗಿಟ್ಟು, ಅದು ಬೇರೊಂದು ವಸ್ತುವಾಗಿ ಮಾರ್ಪಟ್ಟುದನ್ನು 1908ರಲ್ಲಿ ಪ್ರಕಟಿಸಿದರು. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಲ್ಲಲಾರದ ನಮಗೆ ಈ ತಾಳ್ಮೆಯು ಆಶ್ಚರ್ಯವೇ ಸರಿ.

1912ರಲ್ಲಿ ನ್ಯೂಯಾರ್ಕಿನ ರಸಾಯನಶಾಸ್ತ್ರ ಸಮ್ಮೇಳನದಲ್ಲಿ ಅವರು ಮಾಡಿದ ಉಪನ್ಯಾಸವೇ ಅವರ ಕೀರ್ತಿಗೆ ಮುಖ್ಯ ಕಾರಣ. ಕಲ್ಲಿದ್ದಲು ಪುರಾತನ ಕಾಲದ ಬಿಸಿಲಿನ ಗಂಟು. ಅದು ಎಂದಾದರೂ ಬರಿದಾಗುವುದು. ದಿನದಿನವೂ ಸುರಿಯುವ ಬಿಸಿಲನ್ನೇ ಏಕೆ ಹಿಡಿಯಬಾರದೆಂಬುದು ಅವರ ವಾದ. ತಾನು ಸವೆಯದೆ ಇತರ ವಸ್ತುಗಳ ಕ್ರಿಯೆಯನ್ನು ನಡೆಯಿಸುವ ಪದಾರ್ಥಕ್ಕೆ ಕ್ರಿಯಾವರ್ಧಕವೆಂದು ಹೆಸರು. ತಕ್ಕ ಕ್ರಿಯಾವರ್ಧಕವು ದೊರೆತರೆ, ನೀರು ಮತ್ತು ಇಂಗಾಲಾಮ್ಲ ವಾಯುಗಳಿಂದ ಆಮ್ಲಜನಕವನ್ನೂ, ಮೀಥೇನ್ ಎಂಬ ಉರಿಯುವ ಅನಿಲವನ್ನೂ ಪಡೆಯಬಹುದೆಂದು ಅವರು ಊಹಿಸಿದರು. ಬೆಳೆಯಿಲ್ಲದ ಮರುಭೂಮಿಗಳಲ್ಲಿ ಗಾಜಿನ ಕೊಳವೆಗಳೊಳಗೆ ಈ ಕೆಲಸ ನಡೆಯುವುದನ್ನು ಮನಸ್ಸಿನಲ್ಲಿಯೇ ಕಂಡರು.

ಆ ಕ್ರಿಯಾವರ್ಧಕವು ಅವರ ಕೈಗೆ ಸಿಕ್ಕಲಿಲ್ಲ. 1914ರ ಮಹಾಯುದ್ಧವು ಇಬ್ಬರು ಸಂಗಡಿಗರನ್ನೂ ಅಗಲಿಸಿತು. ನೊಬೆಲ್ ಬಹುಮಾನಕ್ಕೆ ಒಂಬತ್ತು ಸಲ ಹೆಸರು ಸೂಚಿತವಾದರೂ ಬಹುಮಾನ ಬರಲಿಲ್ಲ. ಇದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. 1922ರ ಜನವರಿ 2ರಂದು ಬೊಲೋನ್ಯಾದಲ್ಲಿ ಕಾಲವಾದರು.

ಐವತ್ತು ವರುಷಗಳ ತರುವಾಯ, 1972ರಲ್ಲಿ, ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಎಂಬವರು ಬಿಳಿಯ ಬಣ್ಣಗಳಿಗೆ ಬೆರೆಸುವ ಟೈಟೇನಿಯಮ್ ಡೈಆಕ್ಸೈಡಿನ ಹರಳನ್ನು ತಂತಿಯಿಂದ ಪ್ಲಾಟಿನಮ್ಮಿಗೆ ಜೋಡಿಸಿ, ನೀರಿನಲ್ಲಿಟ್ಟು, ಬೆಳಕು ಬಿಟ್ಟರೆ ನೀರು ಒಡೆಯುವುದೆಂದು ಪ್ರಕಟಿಸಿದರು. ಹರಳಿನ ಬಳಿ ಆಮ್ಲಜನಕವೂ ಪ್ಲಾಟಿನಮ್ಮಿನ ಬಳಿ ಜಲಜನಕವೂ ಗುಳ್ಳೆಯಾಗಿ ಎದ್ದುವು. 1979ರಲ್ಲಿ ಇಂತಹವೇ ಪುಡಿಗಳಿಂದ ಇಂಗಾಲಾಮ್ಲವನ್ನು ಮೀಥೇನ್ ಮೊದಲಾದುವುಗಳನ್ನಾಗಿ ಮಾಡಿದರು, ದೊರೆತುದು ಅತ್ಯಲ್ಪ. ಆ ಬಿಳಿಯ ವಸ್ತುವು ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿಗೆ ಮಾತ್ರ ಎಚ್ಚರಗೊಳ್ಳುವುದು. ನೆಲಕ್ಕೆ ಬೀಳುವ ಬಿಸಿಲಿನಲ್ಲಿ ಅವುಗಳ ಪಾಲು ಸುಮಾರು ಇಪ್ಪತ್ತರಲ್ಲಿ ಒಂದು. ಕಾಣುವ ಬೆಳಕಿನಲ್ಲಿಯೂ ಚೆನ್ನಾಗಿ ದುಡಿಯುವ, ಬೇಗ ಕೆಡದ ವಸ್ತುವನ್ನು ವಿಜ್ಞಾನಿಗಳು ಈಗಲೂ ಅರಸುತ್ತಿರುವರು. ಬೊಲೋನ್ಯಾದ ರಸಾಯನಶಾಸ್ತ್ರ ವಿಭಾಗಕ್ಕೆ ಚಮಿಚಾನರ ಹೆಸರನ್ನೇ ಇಟ್ಟಿದ್ದಾರೆ.